ಸದರಿ ದರ

ರೇಟಪ್ಪ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಮೂವತ್ತೊಂದು ವರ್ಷ, ಪ್ರತಿ ತಿಂಗಳ ಮೊದಲ ವಾರ, ಅಂಗಡಿ ಅಂಗಡಿಯ ಮುಂದೆ ನಿಂತು "ಇವತ್ತು ರೇಟ್ ಎಷ್ಟಪ್ಪಾ?" ಎಂದು ಕೇಳಿದ್ದಕ್ಕೆ ಪೇಟೆಯವರು ಕೊಟ್ಟ ಬಿರುದು ಅದು. ಮೊದಮೊದಲು ಬೆನ್ನ ಹಿಂದೆ ಕರೆದರು, ಆಮೇಲೆ ಎದುರಿಗೇ ಕರೆದರು, ಕೊನೆಕೊನೆಗೆ ಸಿಟ್ಟು ಬಂದಾಗ ಅವನ ಹೆಂಡತಿಯೂ ಹಾಗೇ ಕರೆಯತೊಡಗಿದಳು. ಅವನಿಗೆ ಬೇಸರವೇನೂ ಆಗಲಿಲ್ಲ. ಹೆಸರಿನಲ್ಲೇ ಉದ್ಯೋಗ ಇರುವುದು ಎಷ್ಟು ಜನರ ಪಾಲಿಗೆ ಬರುತ್ತದೆ?

ಅವನಿದ್ದದ್ದು ಬೆಲೆಪಟ್ಟಿ ಕಚೇರಿಯಲ್ಲಿ. ಈ ಊರಿನಲ್ಲಿ ಒಂದು ಸಂಸಾರ ಬದುಕಲು ಎಷ್ಟು ಖರ್ಚಾಗುತ್ತದೆ ಎಂದು ತಿಂಗಳಿಗೊಮ್ಮೆ ಅಳೆದು ಹೇಳುವುದು ಆ ಕಚೇರಿಯ ಕೆಲಸ. ಅಕ್ಕಿ, ಎಣ್ಣೆ, ಸೋಪು, ಚಪ್ಪಲಿ, ಕ್ಷೌರ, ಬಸ್ ಚಾರ್ಜು, ಹಲ್ಲು ಕೀಳಿಸುವ ಖರ್ಚು, ಹೀಗೆ ನೂರ ಹನ್ನೆರಡು ಬಾಬು. ಅದರ ಜೊತೆಗೆ ಇಪ್ಪತ್ತನಾಲ್ಕು ಬಾಡಿಗೆ ಮನೆ. ಇಷ್ಟರ ದರ ರೇಟಪ್ಪ ತರಬೇಕು, ಸಾಹೇಬರು ಸಹಿ ಹಾಕಬೇಕು, ಪಟ್ಟಿ ಅಚ್ಚಾಗಬೇಕು. ಪಟ್ಟಿ ಎಷ್ಟು ಏರಿದೆಯೋ ಅಷ್ಟೇ ವರ್ಷಕ್ಕೊಮ್ಮೆ ಊರಿನ ಪಿಂಚಣಿದಾರರ ಪಿಂಚಣಿಯೂ ಏರಬೇಕು. ನಾಲ್ಕು ಸಾವಿರ ಮುದುಕರ ಅನ್ನ ತನ್ನ ಪೆನ್ನಿನ ತುದಿಯಲ್ಲಿದೆ ಎಂದು ಅವನು ಒಮ್ಮೊಮ್ಮೆ ಹೆಂಡತಿಯ ಮುಂದೆ ಕೊಚ್ಚಿಕೊಳ್ಳುತ್ತಿದ್ದ.

ಅಂಗಡಿ ವಿಷಯದಲ್ಲಿ ಅವನ ಮೇಲೆ ಬೆರಳು ತೋರಿಸುವ ಹಾಗಿರಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಚೀಲದಲ್ಲಿ ಅಂಗೈಯಗಲದ ತಕ್ಕಡಿಯೊಂದನ್ನು ಇಟ್ಟುಕೊಂಡಿರುತ್ತಿದ್ದ. ಅಂಗಡಿಯವನು "ಸೋಪಿನ ರೇಟು ಅದೇ ಸಾರ್" ಅಂದರೆ ನಂಬುವ ಆಸಾಮಿಯಲ್ಲ. ಸೋಪನ್ನು ತೂಕಕ್ಕೆ ಹಾಕುತ್ತಿದ್ದ. "ರೇಟು ಅದೇನಪ್ಪ, ಆದ್ರೆ ಸೋಪು ಬಡವಾಗಿದೆಯಲ್ಲ! ಐದು ಗ್ರಾಂ ಎಲ್ಲಿ ಹೋಯ್ತು?" ಎಂದು ಕಂಪನಿಯವರೇ ಎದುರಿಗಿದ್ದ ಹಾಗೆ ಗದರಿ, ಆ ಐದು ಗ್ರಾಮಿನ ಲೆಕ್ಕ ಹಿಡಿದು ದರ ಏರಿದೆ ಎಂದೇ ಬರೆಯುತ್ತಿದ್ದ.

ಎಡವಟ್ಟಾದದ್ದು ಮನೆಗಳಲ್ಲಿ. ಇಪ್ಪತ್ತನಾಲ್ಕು ಮನೆಗಳು ಊರಿನ ಇಪ್ಪತ್ತನಾಲ್ಕು ಮೂಲೆಯಲ್ಲಿದ್ದವು, ಅವುಗಳಲ್ಲಿ ಹದಿನಾರಕ್ಕೆ ಮೆಟ್ಟಿಲು. ನಲವತ್ತೊಂಬತ್ತಕ್ಕೇ ಅವನ ಮಂಡಿ ಕೈಕೊಟ್ಟಿತು. ಹತ್ತಿ ಹೋದರೂ ಬಾಗಿಲು ತೆಗೆಯುವವರಿಲ್ಲ. ತೆಗೆದರೂ ಬಾಡಿಗೆ ಎಷ್ಟೆಂದು ಕೇಳಿದರೆ ಕಂದಾಯದವನು ಬಂದನೆಂದು ಹೆದರುವವರೇ ಎಲ್ಲ. ಇಷ್ಟೆಲ್ಲ ಪಾಡು ಪಟ್ಟು ಬಾಡಿಗೆ ಏರಿದೆ ಎಂದು ಬರೆದರೋ, ಹಾಳೆ ಮೇಲಿನ ಕಚೇರಿಯಿಂದ ಕೆಂಪು ಶಾಯಿಯಲ್ಲಿ ವಾಪಸು ಬರುತ್ತಿತ್ತು: "ಏರಿಕೆಗೆ ಕಾರಣ ನಮೂದಿಸಿ. ಮನೆ ಮಾಲೀಕರ ಸಹಿ ಲಗತ್ತಿಸಿ." ಯಾವ ಮಾಲೀಕ ಸಹಿ ಹಾಕುತ್ತಾನೆ? ಮತ್ತೆ ಮೆಟ್ಟಿಲು, ಮತ್ತೆ ಮಂಡಿ.

ಸರ್ಕಾರಿ ಕಾಗದದಲ್ಲಿ ಒಂದು ಪದವಿದೆ, ಸದರಿ. ಹಿಂದೆ ಹೇಳಿದ್ದೇ ಇಲ್ಲಿಯೂ, ಬದಲಾವಣೆಯಿಲ್ಲ ಎಂದು ಅರ್ಥ. ಒಂದು ತಿಂಗಳು ಮಂಡಿ ಬಾತುಕೊಂಡಿದ್ದಾಗ ರೇಟಪ್ಪ ಕುರ್ಚಿಯಲ್ಲೇ ಕೂತು, ಇಪ್ಪತ್ತನಾಲ್ಕು ಮನೆಗಳ ಮುಂದೆಯೂ ಸದರಿ, ಸದರಿ, ಸದರಿ ಎಂದು ಬರೆದ. ಈ ತಿಂಗಳಿಗೆ ಮಾತ್ರ ಎಂದುಕೊಂಡ. ಆ ಹಾಳೆ ವಾಪಸು ಬರಲಿಲ್ಲ. ಮೇಲಿನವರು "ಅಚ್ಚುಕಟ್ಟಾಗಿದೆ" ಎಂದೂ ಬರೆದು ಕಳಿಸಿದರು. ಸದರಿಗೆ ಒಮ್ಮೆ ಸದರ ಕೊಟ್ಟ ಮೇಲೆ ಅದು ತಲೆಯ ಮೇಲೇರಿ ಕೂತಿತು. ಮುಂದಿನ ಹನ್ನೊಂದು ವರ್ಷ ಅವನು ಆ ಮೆಟ್ಟಿಲುಗಳನ್ನು ಹತ್ತಲೇ ಇಲ್ಲ. ಪಟ್ಟಿಯಲ್ಲಿ ಬಾಡಿಗೆಗೆ ಮೂರರಲ್ಲೊಂದು ಪಾಲು ತೂಕ. ಆ ಪಾಲು ನಿಂತಲ್ಲೇ ನಿಂತದ್ದರಿಂದ ಇಡೀ ಊರಿನ ಪಟ್ಟಿ ವರ್ಷಕ್ಕೆ ನಾಲ್ಕು ಪರ್ಸೆಂಟಿನ ಆಸುಪಾಸಿನಲ್ಲಿ ಕುಂಟುತ್ತ ಸಾಗಿತು. ತಾನು ಸುಳ್ಳು ಬರೆಯುತ್ತಿದ್ದೇನೆ ಎಂದು ಅವನಿಗೆ ಅನ್ನಿಸಿದ್ದೇ ಇಲ್ಲ. ಅಂಕಿ ಬರೆದರಲ್ಲವೇ ಸುಳ್ಳಾಗುವುದು?

ಇದೇ ಹೊತ್ತಿಗೆ, ಐವತ್ತು ತುಂಬಿದ ದಿನ, ಅವನು ಒಂದು ಉದ್ದ ನೋಟುಬುಕ್ಕು ಕೊಂಡು ತಂದು "ಕೊನೆಗಾಲದ ಲೆಕ್ಕ" ಎಂದು ತಲೆಬರಹ ಕೊಟ್ಟ. ಮನೆಯಲ್ಲಿ ಎರಡೇ ಜೀವ, ಮಕ್ಕಳಿಲ್ಲ. ಅರವತ್ತಕ್ಕೆ ನಿವೃತ್ತಿ. ಬರುವ ಪಿಂಚಣಿ ಎಷ್ಟು, ಆಗುವ ಖರ್ಚು ಎಷ್ಟು, ನಡುವಿನ ಕಂದರ ತುಂಬಲು ಬ್ಯಾಂಕಿನಲ್ಲಿ ಎಷ್ಟು ಗಂಟಿರಬೇಕು? ಬೇರೆಯವರು ಇಂಥದ್ದಕ್ಕೆ ಅಂದಾಜು ಹಾಕುತ್ತಾರೆ. ರೇಟಪ್ಪನಿಗೆ ಅಂದಾಜು ಯಾಕೆ, ಅಚ್ಚಾದ ಪಟ್ಟಿಯೇ ಕೈಯಲ್ಲಿತ್ತು! ವರ್ಷಕ್ಕೆ ನಾಲ್ಕು ಪರ್ಸೆಂಟ್ ಹಿಡಿದು ಮೂವತ್ತೈದು ಸಾಲು ಬರೆದ. ಅರವತ್ತಕ್ಕೆ ಐದು ಲಕ್ಷ ಕೈಯಲ್ಲಿದ್ದರೆ ಎಂಬತ್ತೈದರವರೆಗೆ ಯಾರ ಮುಂದೆಯೂ ಕೈಚಾಚದೆ ಬದುಕಬಹುದು ಎಂದು ಲೆಕ್ಕ ಬಂತು.

"ಎಂಬತ್ತಾರಕ್ಕೆ ಏನ್ರೀ ಮಾಡೋದು?" ಎಂದು ಹೆಂಡತಿ ಕೇಳಿದ್ದಳು.

"ಎಂಬತ್ತಾರರಲ್ಲೂ ಬದುಕಿರೋದು ಅಧಿಕಪ್ರಸಂಗ ಕಣೇ."

ಇಬ್ಬರೂ ನಕ್ಕಿದ್ದರು.

ಮನೆಖರ್ಚಿಗೂ ಅದೇ ಪಟ್ಟಿ. ಅವಳು "ಈ ದುಡ್ಡು ಸಾಲಲ್ಲ ಕಣ್ರೀ" ಅಂದಾಗಲೆಲ್ಲ ಅವನು ಪಟ್ಟಿ ಬಿಡಿಸಿ ತೋರಿಸುತ್ತಿದ್ದ. "ನೋಡು, ಊರಿಗೇ ಸಾಲೋದು ನಿನಗೆ ಸಾಲಲ್ವಾ? ನಾಲ್ಕು ಪರ್ಸೆಂಟ್ ಏರಿದೆ. ನಾಲ್ಕೇ ಕೊಡ್ತೀನಿ. ಹಾಸಿಗೆ ಇದ್ದಷ್ಟು ಕಾಲು ಚಾಚ್ಬೇಕು." ವರ್ಷವರ್ಷವೂ ಲೆಕ್ಕ ಹಾಕಿ ನಾಲ್ಕು ಪರ್ಸೆಂಟ್ ಹೆಚ್ಚು ಕೊಡುತ್ತಿದ್ದ. ಕೆಲವು ವರ್ಷದ ಮೇಲೆ ಅವಳು ಕೇಳುವುದನ್ನೇ ಬಿಟ್ಟಳು. ಪಟ್ಟಿ ಸರಿಯಿದೆ ಎನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು ಎಂದು ಅವನು ಬೀಗಿದ. ಅವರಿದ್ದ ಬಾಡಿಗೆ ಮನೆಯೂ ಅವನ ಮಾತಿಗೆ ತಾಳ ಹಾಕುತ್ತಿತ್ತು. ಮನೆಯ ಯಜಮಾನರು ಹಳೇ ಕಾಲದ ಮೆತ್ತನೆಯ ಮನುಷ್ಯ. ಹನ್ನೊಂದು ವರ್ಷದಲ್ಲಿ ಐದು ಸಾವಿರವನ್ನು ಆರು ಮಾಡಿದ್ದರು, ಅದನ್ನು ಕೇಳುವಾಗಲೂ ಅವರೇ ನಾಚಿಕೊಂಡಿದ್ದರು.

ನಿವೃತ್ತಿಗೆ ಮೂರು ತಿಂಗಳಿರುವಾಗ ಕಚೇರಿ ಒಂದು ನಮೂನೆ ಕೊಟ್ಟಿತು. ಎರಡು ಚೌಕ, ಒಂದಕ್ಕೆ ಗುರುತು ಹಾಕಬೇಕು, ಹಾಕಿದ ಮೇಲೆ ತಿದ್ದುವಂತಿಲ್ಲ. ಒಂದು ಚೌಕ, ಇಡಿಗಂಟಾಗಿ ಒಂದೇ ಸಲ ಹಣ. ಇನ್ನೊಂದು, ಬದುಕಿರುವವರೆಗೆ ತಿಂಗಳಿಗೆ ಹದಿನೆಂಟು ಸಾವಿರ, ಪಟ್ಟಿ ಏರಿದಷ್ಟು ಅದೂ ಏರುತ್ತದೆ.

"ಇಡಿಗಂಟು ತಗೊಂಡು ಎರಡು ಕೋಣೆ ಮನೆ ಮಾಡ್ಕೊಳಯ್ಯಾ, ತಲೆ ಮೇಲೊಂದು ಸೂರಿರುತ್ತೆ," ಎಂದ ಅವನ ಜೊತೆಗೇ ನಿವೃತ್ತನಾಗುತ್ತಿದ್ದ ಕಚೇರಿಯ ಕ್ಯಾಷಿಯರು.

"ಬಾಡಿಗೆ ಏರದೇ ಇರೋ ಊರಲ್ಲಿ ಯಾವ ಮೂರ್ಖ ಮನೆ ಕೊಳ್ತಾನೆ? ಪಟ್ಟಿ ನೋಡು," ಎಂದು ರೇಟಪ್ಪ ಎರಡನೇ ಚೌಕಕ್ಕೆ ಗುರುತು ಹಾಕಿದ. ಆ ಪಟ್ಟಿಯ ಬಾಡಿಗೆಯನ್ನು ಬರೆದವನು ತಾನೇ ಎಂಬುದು ಆ ಕ್ಷಣದಲ್ಲಿ ಅವನ ತಲೆಯಲ್ಲಿ ಇರಲೇ ಇಲ್ಲ. ಹನ್ನೊಂದು ವರ್ಷ ಅಚ್ಚಾಗಿ, ಮೊಹರು ಬಿದ್ದು, ಸಾಹೇಬರ ಸಹಿಯೊಂದಿಗೆ ಹಿಂತಿರುಗಿ ಬಂದರೆ ತನ್ನದೇ ಸೋಮಾರಿತನವೂ ದೇವರ ವಾಕ್ಯದಂತೆ ಕಾಣುತ್ತದೆ.

ಕೊನೆಯ ಹದಿನೈದು ದಿನ, ಅವನ ಜಾಗಕ್ಕೆ ವರ್ಗವಾಗಿ ಬಂದ ಹೆಂಗಸಿಗೆ ಕೆಲಸ ತೋರಿಸಿಕೊಟ್ಟ. ನಲವತ್ತೈದರ ಆಸುಪಾಸಿನ, ಮಾತು ಕಡಿಮೆಯ ಹೆಂಗಸು. ಪೇಟೆಯವರು ಒಂದೇ ವಾರದಲ್ಲಿ ಅವಳಿಗೆ ರೇಟಮ್ಮ ಎಂದು ನಾಮಕರಣ ಮಾಡಿ ಮುಗಿಸಿದರು. ಸೋಪು ತೂಗುವುದನ್ನು ಕಲಿಸಿದ, ತಕ್ಕಡಿಯನ್ನೂ ಅವಳಿಗೇ ಕೊಟ್ಟ. ಮನೆಗಳ ಹಾಳೆ ಬಂದಾಗ ಮಾತ್ರ, "ಇದಕ್ಕೆ ಸದರಿ ಅಂತ ಬರೀತಾ ಹೋಗಮ್ಮ, ವಾಪಸು ಬರಲ್ಲ," ಎಂದ.

ನಿವೃತ್ತನಾದ ಎರಡನೇ ತಿಂಗಳಿಗೆ ಮನೆಯ ಯಜಮಾನರು ತೀರಿಕೊಂಡರು. ಮೂರನೇ ತಿಂಗಳಿಗೆ ಅವರ ಮಗ ಬಂದ. ಕುರ್ಚಿ ಹಾಕಿದರೂ ಕೂರಲಿಲ್ಲ. ಗೋಡೆ ತಟ್ಟಿ ನೋಡಿದ, ನಲ್ಲಿ ತಿರುಗಿಸಿ ನೋಡಿದ.

"ಅಂಕಲ್, ಮುಂದಿನ ತಿಂಗಳಿಂದ ಹದಿನಾಲ್ಕು ಸಾವಿರ. ಆಗಲ್ಲ ಅಂದ್ರೆ ಬಿಟ್ಕೊಡಿ, ಬೇಜಾರಿಲ್ಲ."

"ಹದಿನಾಲ್ಕಾ? ಏನಪ್ಪ, ಈ ಊರಲ್ಲಿ ಎರಡು ಕೋಣೆ ಮನೆಗೆ ಆರು ಸಾವಿರದ ನಾನೂರು. ಪಟ್ಟಿಯಲ್ಲೇ ಇದೆ."

"ಯಾವ ಪಟ್ಟಿ?" ಎಂದ ಅವನು. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ್ದ.

ರೇಟಪ್ಪ ಧೃತಿಗೆಡಲಿಲ್ಲ. "ಹೋಗ್ಲಿ ಬಿಡೇ, ಇಪ್ಪತ್ತನಾಲ್ಕು ಮನೆ ನನ್ನ ನಾಲಿಗೆ ತುದೀಲಿವೆ. ಒಂದಲ್ಲ ಒಂದು ಖಾಲಿ ಇದ್ದೇ ಇರುತ್ತೆ," ಎಂದು ಮಾರನೇ ದಿನ ಬೆಳಿಗ್ಗೆ ಮನೆಗಳ ಹಾಳೆಯ ನಕಲು ಮಡಚಿ ಜೇಬಿಗಿಟ್ಟು, ಹೆಂಡತಿಯನ್ನು ಕರೆದುಕೊಂಡು ಹೊರಟ. ಅವಳು ಚಪ್ಪಲಿಯ ಕಿತ್ತ ಪಟ್ಟಿಗೆ ಪಿನ್ನು ಚುಚ್ಚಿಕೊಂಡು ಹಿಂದೆ ನಡೆದಳು.

ಒಂದನೇ ಮನೆಯಲ್ಲಿ ಹೊಸಬರಿದ್ದರು. ಹನ್ನೆರಡೂವರೆ ಕೊಡುತ್ತಿದ್ದೇವೆ ಅಂದರು. ನಾಲ್ಕನೆಯದರ ಮೆಟ್ಟಿಲನ್ನು ಅವನು ಕಂಬಿ ಹಿಡಿದು ಒಂದೊಂದೇ ಹತ್ತಿದ. ಬಾಗಿಲು ತೆಗೆದ ಮುದುಕಿಗೆ ಗುರುತು ಸಿಕ್ಕಿತು. "ಓ, ನೀನಾ! ನೀನು ಸತ್ತೋದೆ ಅಂದ್ಕೊಂಡಿದ್ದೆ ಕಣಪ್ಪ. ನೀನು ಬರೋದು ನಿಲ್ಲಿಸಿದ ಮೇಲೆ ಒಂಬತ್ತು ಸಲ ಏರಿಸಿದಾರೆ." ಹತ್ತನೆಯದು ಎರಡಾಗಿ ಒಡೆದಿತ್ತು, ಹಿಂದೆ ಇಡೀ ಮನೆಗಿದ್ದ ಬಾಡಿಗೆಗಿಂತ ಈಗ ಒಂದೊಂದು ಹೋಳಿಗೂ ಹೆಚ್ಚು. ಹದಿಮೂರನೆಯದು ಹದಿನೈದು ಸಾವಿರ. ಪ್ರತಿ ಬಾಗಿಲಲ್ಲೂ ಹೆಂಡತಿ ಮೊದಲು ಆ ಮನೆಯವರ ಮುಖ ನೋಡುತ್ತಿದ್ದಳು, ಆಮೇಲೆ ಗಂಡನ ಮುಖ. ಬಿಸಿಲೇರಿತು. ಅವನು ಹಾಳೆಯನ್ನು ಜೇಬಿನಿಂದ ತೆಗೆಯುವುದನ್ನು ನಿಲ್ಲಿಸಿದ್ದ.

ಹದಿನೇಳನೆಯ ಮನೆ ಇರಲಿಲ್ಲ.

ಖಾಲಿ ಇರಲಿಲ್ಲ ಅಂತಲ್ಲ, ಮನೆಯೇ ಇರಲಿಲ್ಲ. ಆ ಜಾಗದಲ್ಲಿ ಗಾಡಿ ತೊಳೆಯುವ ಅಂಗಳವಿತ್ತು. ತಗಡಿನ ಚಪ್ಪರದ ಕೆಳಗೆ ಇಬ್ಬರು ಒಂದು ವ್ಯಾನಿಗೆ ಪೈಪಿನಿಂದ ನೀರು ಹೊಡೆಯುತ್ತಿದ್ದರು, ನೊರೆ ಬೀದಿಯವರೆಗೆ ಹರಿದು ಬರುತ್ತಿತ್ತು. ಇಲ್ಲಿದ್ದ ಮನೆ ಯಾವಾಗ ಹೋಯಿತು ಎಂದು ಕೇಳಿದರೆ, "ಅಯ್ಯೋ, ಐದು ವರ್ಷ ಆಯ್ತು," ಅಂದರು.

ಹೆಂಡತಿ ಅವನ ಜೇಬಿನಿಂದ ತಾನೇ ಹಾಳೆ ತೆಗೆದಳು. ಹದಿನೇಳನೇ ಸಾಲಿನ ಮೇಲೆ ಬೆರಳಿಟ್ಟಳು.

"ಇದು ನೀವು ಕೊನೇ ತಿಂಗಳು ಬರೆದಿದ್ದಲ್ವಾ? ಇಲ್ಲೇನೋ ಬರೆದಿದೀರಿ. ಸದರಿ. ಹಂಗಂದ್ರೇನು?"

"ಹಂಗಂದ್ರೆ... ಹೋದ ತಿಂಗಳಿನದೇ ಅಂತ."

"ಹೋದ ತಿಂಗಳು ಎಷ್ಟು ಬರೆದಿದ್ರಿ?"

"ಸದರಿ."

"ಅದಕ್ಕೂ ಹಿಂದೆ?"

ಅವಳು ಅಂಗಳದ ಅಂಚಿನ ಕಲ್ಲಿನ ಮೇಲೆ ಕೂತಳು. ನೊರೆ ನೀರು ಅವಳ ಪಾದ ಸುತ್ತಿ ಹರಿಯಿತು, ಅವಳು ಕಾಲು ಎತ್ತಿಕೊಳ್ಳಲಿಲ್ಲ.

"ಬಿದ್ದೋದ ಮನೆಗೆ ಬಾಡಿಗೆ ಬರೆದಿದೀರಿ," ಎಂದಳು. "ಆ ಪಟ್ಟಿ ತೋರಿಸೇ ಅಲ್ವಾ ನನಗೆ ನಾಲ್ಕು ಪರ್ಸೆಂಟ್ ಕೊಟ್ಟಿದ್ದು?"

"ಅಂಗಡಿದೆಲ್ಲ ಸರಿಯಾಗೇ ಬರೆದಿದೀನಿ ಕಣೇ. ಮನೆಗಳದ್ದು ಮಾತ್ರ... ಆದ್ರೂ ನಮ್ಮನೇಲಿ ಸಾಲ್ತಾ ಇತ್ತಲ್ಲ? ನೀನೇ ಕೇಳೋದು ಬಿಟ್ಟಿದ್ದೆಯಲ್ಲ?"

ಅವಳು ತಲೆಯೆತ್ತಿ ಅವನನ್ನೇ ನೋಡಿದಳು. ಸಿಟ್ಟಾಗಿದ್ದರೆ ಅವನು ತಡೆದುಕೊಳ್ಳುತ್ತಿದ್ದ, ಅದು ಸಿಟ್ಟಾಗಿರಲಿಲ್ಲ.

"ನಾನು ರಾತ್ರಿ ಊಟ ಬಿಟ್ಟು ಆರು ವರ್ಷ ಆಯ್ತು. ಡಾಕ್ಟರು ಬೇಡ ಅಂದಿದಾರೆ ಅಂತ ಹೇಳಿದ್ದೆ ನಿಮಗೆ. ಯಾವ ಡಾಕ್ಟರು ಅಂತ ನೀವು ಕೇಳ್ಲೇ ಇಲ್ಲ."

ಸೋಪು ಐದು ಗ್ರಾಂ ಸವೆದರೆ ಕಂಡುಹಿಡಿಯುತ್ತಿದ್ದವನು ಅವನು. ಈಗ, ಹಗಲು ಬೆಳಕಿನಲ್ಲಿ, ಅವಳ ಮಣಿಕಟ್ಟು ಕಂಡಿತು; ಬಳೆ ಮೊಣಕೈವರೆಗೆ ಜಾರುತ್ತಿತ್ತು. ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡು ಅವಳು ಅವನ ಪಟ್ಟಿಯನ್ನು ನಿಜ ಮಾಡಿದ್ದಳು. ಅವಳು ಉಪವಾಸವಿದ್ದು ಉಳಿಸಿದ್ದನ್ನೇ ಅವನು ಖರ್ಚು ಇಷ್ಟೇ ಎಂದು ಹಿಡಿದು, ನೋಟುಬುಕ್ಕಿನ ಸಾಲು ಸಾಲಿಗೂ ಲೆಕ್ಕ ಸರಿಯಿದೆ ಎಂದು ಗುರುತು ಹಾಕುತ್ತ ಬಂದಿದ್ದ. ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು. ವ್ಯಾನು ತೊಳೆಯುವವರು ನೋಡುತ್ತಿದ್ದರು, ಅದಕ್ಕೆ ಸುಮ್ಮನಾದ. ಆಗಲೂ ಅವನಿಗೆ ನೋಡುವವರ ಚಿಂತೆಯೇ.

ಮನೆಗೆ ಬಂದು ನೋಟುಬುಕ್ಕು ತೆರೆದು ಹೊಸದಾಗಿ ಲೆಕ್ಕ ಹಾಕಿದ. ಹದಿನಾಲ್ಕು ಸಾವಿರ ಬಾಡಿಗೆ, ಇಬ್ಬರಿಗೂ ಎರಡು ಹೊತ್ತಿನ ಊಟ, ಪಿಂಚಣಿ ಹದಿನೆಂಟು. ಮುಂದಿನ ವರ್ಷ ಬೆಲೆಗಳು ಓಡುತ್ತವೆ, ಪಿಂಚಣಿ ಪಟ್ಟಿಯ ಜೊತೆ ಕುಂಟುತ್ತದೆ. ಮೂರು ಸಲ ಕೂಡಿದ, ಮೂರು ಸಲವೂ ಬ್ಯಾಂಕಿನಲ್ಲಿ ಕೂಡಿಟ್ಟ ಐದು ಲಕ್ಷ ಅರವತ್ತನಾಲ್ಕನೇ ವಯಸ್ಸಿಗೆ ಖಾಲಿ. ಎಂಬತ್ತೈದು ಎಲ್ಲಿ, ಅರವತ್ತನಾಲ್ಕು ಎಲ್ಲಿ? ಉಳಿದ ಇಪ್ಪತ್ತೊಂದು ವರ್ಷಗಳ ಮುಂದೆ ಬರೆಯಲು ಏನೂ ಇರಲಿಲ್ಲ.

"ಹೋಗಿ ಹೇಳಿ ಬನ್ನಿ," ಎಂದಳು ಹೆಂಡತಿ. "ತಪ್ಪಾಯ್ತು, ಪಟ್ಟಿ ತಿದ್ದಿ ಅಂತ. ತಿದ್ದಿದ್ರೆ ಪಿಂಚಣಿನಾದ್ರೂ ಏರುತ್ತೆ. ನಮ್ಮೊಬ್ಬರದ್ದೇ ಅಲ್ಲವಲ್ಲ, ಊರಿನವರದ್ದೆಲ್ಲ."

ಅವನು ಬಿಳಿ ಹಾಳೆಯಲ್ಲಿ ಎಲ್ಲವನ್ನೂ ಬರೆದ. ಇಪ್ಪತ್ತನಾಲ್ಕು ಮನೆ, ಹನ್ನೊಂದು ವರ್ಷ, ತಪ್ಪು ನನ್ನದು. ಮಡಚಿ ಜೇಬಿಗಿಟ್ಟುಕೊಂಡು ಕಚೇರಿಗೆ ಹೋದ. ಸಾಹೇಬರು ಅವನಿಗಿಂತ ಹತ್ತು ವರ್ಷ ಚಿಕ್ಕವರು, ಒಳ್ಳೆಯವರೇ. ಹಾಳೆಯ ಮೊದಲ ನಾಲ್ಕು ಸಾಲು ಓದಿ ಎದ್ದು ಬಾಗಿಲು ಹಾಕಿದರು.

"ಇದು ನನ್ನ ಕಣ್ಣಿಗೆ ಬಿದ್ದಿಲ್ಲ, ತಿಳೀತಾ? ಪ್ರತಿ ಹಾಳೆ ಮೇಲೆ ನಿಮ್ಮದಾದ ಮೇಲೆ ಐದು ಸಹಿ ಇದೆ. ನಂದೂ ಇದೆ. ಇದನ್ನ ತಗೊಂಡೆ ಅಂದ್ರೆ ನಾಳೆನೇ ವಿಚಾರಣೆ. ವಿಚಾರಣೆ ಶುರುವಾದ ದಿನ ನಿಮ್ಮ ಪಿಂಚಣಿ ನಿಲ್ಲುತ್ತೆ. ಮುಗಿಯೋಕೆ ಏಳೆಂಟು ವರ್ಷ."

"ಪಟ್ಟಿ ಸರಿಯಾಗುತ್ತಾ ಸಾರ್?"

"ಹಿಂದಿನದ್ದು ತಿದ್ದೋಕೆ ನಿಯಮವೇ ಇಲ್ಲ. ಮುಂದಿನದ್ದು, ವಿಚಾರಣೆ ಮುಗಿದ ಮೇಲೆ ನೋಡ್ತಾರೆ. ಅಲ್ಲೀತನಕ ನೀವು, ನಿಮ್ಮ ಮನೆಯವರು ಏನು ತಿಂತೀರಿ?"

ಅವರು ಹಾಳೆಯನ್ನು ಮೇಜಿನ ಮೇಲೆ, ಇಬ್ಬರಿಗೂ ಸಮದೂರದಲ್ಲಿ ಇಟ್ಟರು. ತಾವಾಗಿ ಹಿಂದಕ್ಕೆ ಕೊಡಲಿಲ್ಲ, ಇಟ್ಟುಕೊಳ್ಳಲೂ ಇಲ್ಲ. ಕೊನೆಗೆ ರೇಟಪ್ಪನೇ ಕೈಚಾಚಿ ಎತ್ತಿಕೊಂಡು, ಮೊದಲಿದ್ದ ಮಡಿಕೆಯಲ್ಲೇ ಮಡಚಿ, ಜೇಬಿಗಿಟ್ಟ. ಮನೆಗೆ ಬಂದು ಹೇಳಿದಾಗ ಹೆಂಡತಿ, "ಆಯ್ತು ಬಿಡಿ," ಅಂದಳು. ಪಾತ್ರೆ ಕಟ್ಟಲು ಹಳೇ ಪೇಪರು ಹುಡುಕಲು ಎದ್ದಳು.

ಕೊನೆಗೆ ಸಿಕ್ಕಿದ್ದು ಒಂದೇ ಒಂದು ಕೋಣೆ, ಝೆರಾಕ್ಸ್ ಅಂಗಡಿಯ ಹಿಂಭಾಗದಲ್ಲಿ, ಗಾಡಿ ತೊಳೆಯುವ ಅಂಗಳವಿದ್ದ ಬೀದಿಯಲ್ಲೇ. ಒಂಬತ್ತೂವರೆ ಸಾವಿರ, ವರ್ಷಕ್ಕೆ ಹತ್ತು ಪರ್ಸೆಂಟ್ ಏರಿಕೆ ಎಂದು ಮೊದಲೇ ಬರೆಸಿಕೊಂಡರು. ಮಂಚ ಹಿಡಿಸಲಿಲ್ಲ, ಮಾರಿದರು. ಗೋಡೆಯಾಚೆ ದಿನವಿಡೀ ಯಂತ್ರ ಗುಂಯ್ ಎನ್ನುತ್ತ ಒಂದೇ ಹಾಳೆಯನ್ನು ನೂರು ಮಾಡುತ್ತಿತ್ತು. ಆ ಗೋಡೆ ಮುಟ್ಟಿದರೆ ಬಿಸಿ. ಪಕ್ಕದ ಕೋಣೆಯಲ್ಲಿ ಎಪ್ಪತ್ತೈದು ದಾಟಿದ ನರ್ಸಮ್ಮ ಇದ್ದಳು, ದೊಡ್ಡಾಸ್ಪತ್ರೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಳಾದವಳು. ನಲ್ಲಿ ಇಬ್ಬರಿಗೂ ಒಂದೇ. ಅವನು ಯಾರೆಂದು ತಿಳಿದ ದಿನ ಅವಳು ಕೊಡ ಕೆಳಗಿಟ್ಟು ಕೇಳಿದಳು:

"ನೀವೇನಾ ಪಟ್ಟಿ ಬರೀತಿದ್ದೋರು? ಅಲ್ಲಪ್ಪ, ಪ್ರತಿ ವರ್ಷ ಎಲ್ಲ ದುಪ್ಪಟ್ಟಾಗ್ತಿದೆ, ನಮಗೆ ಮಾತ್ರ ಚಿಟಿಕೆಯಷ್ಟು ಏರುತ್ತೆ. ಯಾಕೆ ಹಂಗೆ? ನನಗಂತೂ ಲೆಕ್ಕ ಬರಲ್ಲ, ಓದಿರೋರು ನೀವು ಹೇಳಿ."

"ಮೇಲಿನವರು ಮಾಡೋದು ತಾಯಿ," ಎಂದ ರೇಟಪ್ಪ. ಅವಳು ನಂಬಿದಳು. ಅವತ್ತಿನಿಂದ ಅವನು ನಲ್ಲಿಗೆ ಹೋಗುವ ಮೊದಲು, ಅವಳ ಬಾಗಿಲು ಹಾಕಿದೆಯೇ ಎಂದು ಇಣುಕಿ ನೋಡಿಯೇ ಹೊರಡುತ್ತಿದ್ದ.

ಆ ಕೋಣೆಗೆ ಬಂದ ಐದನೇ ತಿಂಗಳು, ಒಂದು ಸಂಜೆ, ಬಾಗಿಲಲ್ಲಿ ರೇಟಮ್ಮ ನಿಂತಿದ್ದಳು. ಹೆಗಲಲ್ಲಿ ಅವನದೇ ಹಳೆಯ ಚೀಲದಂಥ ಚೀಲ, ಕೈಯಲ್ಲಿ ಹಲಗೆಗೆ ಸಿಕ್ಕಿಸಿದ ಹಾಳೆ. ಅವನನ್ನು ಕಂಡು ಅವಳಿಗೂ ಗಾಬರಿಯಾಯಿತು.

"ಸಾರ್, ನೀವಾ? ನನಗೆ ಗೊತ್ತಿರ್ಲಿಲ್ಲ. ನಂಬರ್ ನೋಡ್ಕೊಂಡು ಬಂದೆ."

ಇದ್ದ ಒಂದು ಕುರ್ಚಿಯಲ್ಲಿ ಅವಳನ್ನು ಕೂರಿಸಿದರು. ಹೆಂಡತಿ ಒಲೆಯ ಬಳಿ ನಿಂತಿದ್ದಳು, ಅಂದರೆ ಕುರ್ಚಿಯಿಂದ ಎರಡು ಅಡಿ ದೂರ. ರೇಟಮ್ಮ ಬಂದ ವಿಷಯ ಇಷ್ಟು: ಹದಿನೇಳನೇ ಮನೆ ಇಲ್ಲವೆಂದು ಅವಳು ಸಾಹೇಬರಿಗೆ ತಿಳಿಸಿದ್ದಳು. ಕಳೆದ ತಿಂಗಳು ಬಿತ್ತು ಎಂದು ಬರೆಯಿರಿ, ಬದಲಿಗೆ ಅದೇ ಬೀದಿಯ ಇನ್ನೊಂದು ಬಾಡಿಗೆ ಮನೆ ಸೇರಿಸಿ ಎಂದು ಅವರು ಹೇಳಿದ್ದರು. ಆ ಬೀದಿಯಲ್ಲಿ ಅಂಗಡಿಯಾಗದೆ ಉಳಿದ ಬಾಡಿಗೆ ಜಾಗ ಎರಡೇ. ನರ್ಸಮ್ಮ ಬಾಗಿಲು ತೆಗೆಯಲಿಲ್ಲ. ಉಳಿದದ್ದು ಇದು.

"ಬಾಡಿಗೆ ಎಷ್ಟು ಸಾರ್?" ಎಂದು ಪೆನ್ನು ತೆರೆದಳು.

ಮೂವತ್ತೊಂದು ವರ್ಷ ಎಷ್ಟು ಎಂಬ ಪ್ರಶ್ನೆಯನ್ನು ಅವನು ಕೇಳಿದ್ದ. ಈಗ ಅದು ತನಗೇ ಬಂದಿತ್ತು.

"ನಿಜ ಹೇಳಿದ್ರೆ ಏನಾಗುತ್ತಮ್ಮ?"

ಅವಳು ಹಾಳೆ ನೋಡಿದಳು. "ಹಳೇದು ಆರು ಸಾವಿರದ ಇನ್ನೂರು ಇದೆ. ಅದೇ ಇದ್ರೆ ಹಾಗೇ ಹೋಗುತ್ತೆ. ಜಾಸ್ತಿ ಇದ್ರೆ ಕಾರಣ ಕೇಳ್ತಾರೆ, ಮೇಲಿನವರು ಬಂದು ಮನೆ ನೋಡ್ತಾರೆ. ಹಳೇ ಮನೆ ಯಾವಾಗ ಬಿತ್ತು ಅಂತ್ಲೂ ಕೇಳ್ತಾರೆ." ತಲೆ ತಗ್ಗಿಸಿಯೇ ಹೇಳಿದಳು: "ನಾನಾಗಿ ಸುಳ್ಳು ಬರೆಯಲ್ಲ ಸಾರ್. ನೀವೇನು ಹೇಳ್ತೀರೋ ಅದನ್ನೇ ಬರೀತೀನಿ."

ಯಂತ್ರ ಗೋಡೆಯಾಚೆ ಗುಂಯ್ ಎನ್ನುತ್ತಲೇ ಇತ್ತು. ನರ್ಸಮ್ಮ ಕೆಮ್ಮಿದ್ದು ಕೇಳಿಸಿತು. ಒಂಬತ್ತೂವರೆ ಸಾವಿರ ಎಂದು ಒಂದು ಮಾತು ಆಡಿದರೆ ಸಾಕು, ಹನ್ನೊಂದು ವರ್ಷದ ಹಾಳೆಗಳು ಒಂದೊಂದಾಗಿ ಹೊರಗೆ ಬರುತ್ತವೆ; ನಾಲ್ಕು ಸಾವಿರ ಮುದುಕರಿಗೆ ಯಾವತ್ತೋ ಒಂದು ದಿನ ನ್ಯಾಯ ಸಿಕ್ಕರೂ ಸಿಗಬಹುದು. ಅವನ ಹದಿನೆಂಟು ಸಾವಿರ ಮಾತ್ರ ಮುಂದಿನ ತಿಂಗಳೇ ನಿಲ್ಲುತ್ತದೆ. ಅವನು ಹೆಂಡತಿಯ ಕಡೆ ನೋಡಿದ. ಅವಳು ಬೆನ್ನು ಮಾಡಿ ಒಲೆ ಚಿಕ್ಕದು ಮಾಡುತ್ತಿದ್ದಳು. ಹೇಳಿ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಬೆನ್ನಿನ ಮೂಳೆ ಬಟ್ಟೆಯ ಮೇಲೆ ಎದ್ದು ಕಾಣುತ್ತಿತ್ತು.

"ಸದರಿ," ಎಂದ.

"ಸಾರ್?"

"ಸದರಿ ಅಂತ ಬರ್ಕೊಳಮ್ಮ. ಆರು ಸಾವಿರದ ಇನ್ನೂರು."

ರೇಟಮ್ಮ ಬರೆದುಕೊಂಡಳು. ಅವನು ಸಹಿ ಹಾಕಿದ. ಈ ಸಲ ದರ ತಂದವರ ಜಾಗದಲ್ಲಲ್ಲ, ಬಾಡಿಗೆದಾರರ ಜಾಗದಲ್ಲಿ. ನೀರು ಬೇಕೇ ಎಂದು ಹೆಂಡತಿ ಕೇಳಿದ್ದಕ್ಕೆ ಬೇಡ ಎಂದು ತಲೆಯಾಡಿಸಿ ರೇಟಮ್ಮ ಬೇಗ ಬೇಗ ಹೊರಟುಹೋದಳು. ಮುಂದಿನ ತಿಂಗಳು ಅವಳು ಬರುವುದಿಲ್ಲ, ಬರುವ ಅಗತ್ಯವೂ ಇಲ್ಲ ಎಂದು ಅವನಿಗೆ ಗೊತ್ತಿತ್ತು.

ಏಳು ಗಂಟೆಗೆ ಅಂಗಡಿ ಮುಚ್ಚಿತು, ಯಂತ್ರ ನಿಂತಿತು. ಹೆಂಡತಿ ನೆಲದ ಮೇಲೆ ಒಂದು ತಟ್ಟೆ ಇಟ್ಟು ಬಡಿಸಿದಳು. ಅವನು ಅನ್ನವನ್ನು ನಡುವೆ ಗೆರೆ ಎಳೆದು ಎರಡು ಪಾಲು ಮಾಡಿ, ತಟ್ಟೆಯನ್ನು ಅವಳ ಕಡೆಗೆ ತಳ್ಳಿದ.

"ಬಾ, ನೀನೂ ಎರಡು ತುತ್ತು ತಿನ್ನು."

ಅವಳು ತಟ್ಟೆಯನ್ನು ಮೆಲ್ಲಗೆ ಅವನ ಕಡೆಗೇ ಸರಿಸಿದಳು.

"ನೀವು ತಿನ್ನಿ. ನನಗೆ ಡಾಕ್ಟರು ಬೇಡ ಅಂದಿದಾರೆ."

ಯಾವ ಡಾಕ್ಟರು ಎಂದು ಅವನು ಕೇಳಲಿಲ್ಲ. ತಟ್ಟೆ ಎಳೆದುಕೊಂಡು ಉಂಡ.